ಕಲೆ ಒಂದು ಕಡೆ, ಸೋರಿಕೆ ಇನ್ನೊಂದು ಕಡೆ

ಮಲಗುವ ಕೋಣೆಯ ಗೋಡೆಯ ಬುಡದಲ್ಲಿ ಅಂಗೈಯಗಲದ ಕಲೆಯೊಂದು ಕಾಣಿಸಿಕೊಂಡಾಗ ನಾನೂ ಎಲ್ಲರೂ ಮಾಡುವುದನ್ನೇ ಮಾಡಿದೆ. ಕೆರೆದು, ಪುಟ್ಟಿ ಮೆತ್ತಿ, ಮೇಲೆ ಬಣ್ಣ ಬಳಿದೆ. ಎರಡು ತಿಂಗಳಿಗೆ ಬಣ್ಣ ಗುಳ್ಳೆಯೆದ್ದು ಉದುರಿತು. ಮತ್ತೆ ಬಳಿದೆ, ಮತ್ತೆ ಉದುರಿತು. ತಾರಸಿಯದೇ ತಪ್ಪಿರಬೇಕೆಂದು ಅಲ್ಲಿಗೂ ಜಲನಿರೋಧಕ ಲೇಪನ ಹಾಕಿಸಿದ್ದಾಯಿತು. ಕಲೆ ಜಗ್ಗಲಿಲ್ಲ. ಕೊನೆಗೆ ಬೇಸರ ಬಂದು ಅದರ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿಟ್ಟೆ. ವಾರಕ್ಕೊಂದು ಹೊಸ ಗೆರೆ. ಐದು ವಾರದಲ್ಲಿ ಒಂದರ ಸುತ್ತ ಒಂದರಂತೆ ಐದು ಗೆರೆಗಳಾದವು. ಆ ಐದು ವಾರ ಒಂದು ಹನಿ ಮಳೆಯೂ ಬಿದ್ದಿರಲಿಲ್ಲ!

ಮಳೆಯಿಲ್ಲದೆ ಬೆಳೆಯುವ ಕಲೆಗೆ ತಾರಸಿಯನ್ನು ದೂರಿ ಏನು ಫಲ? ಗೋಡೆಯ ಆಚೆಗೆ ಬಚ್ಚಲುಮನೆ. ಟೈಲ್ಸ್ ಒಡೆಸಿ ನೋಡಿದರೆ ಬಿಸಿನೀರಿನ ಪೈಪು ತಿರುಗುವ ಕಡೆ, ಎಲ್ಬೋ ಕೂಡುವಲ್ಲಿ, ಸೂಜಿಮೊನೆಯಷ್ಟು ತೂತು. ಕಲೆಯಿಂದ ಅದು ಆರಡಿ ದೂರದಲ್ಲಿತ್ತು, ಮೂರಡಿ ಎತ್ತರದಲ್ಲಿತ್ತು.

ಹೊಕ್ಕಲ್ಲಿಯೇ ಹೊರಬರಬೇಕೆಂಬ ಹಂಗು ನೀರಿಗಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ವೈರು ಎಳೆದ ಕೊಳವೆ, ಟೈಲ್ಸ್ ಅಡಿಯ ಸಡಿಲ ಗಾರೆ, ಹೀಗೆ ಸಿಕ್ಕ ದಾರಿ ಹಿಡಿದು ಹೋಗಿ ಎಲ್ಲೋ ಒಂದು ಕಡೆ ತಲೆ ಹಾಕುತ್ತದೆ. ಆದ್ದರಿಂದ ಬಣ್ಣದ ಮಾತು ಈ ಲೇಖನದಲ್ಲಿ ಕಟ್ಟಕಡೆಗೆ ಬರುತ್ತದೆ.

ಮೊದಲು ಮುಖ್ಯ ವಾಲ್ವ್ ಹುಡುಕಿ

ಪೈಪು ಒಡೆದು ನೀರು ಚಿಮ್ಮುತ್ತಿರುವಾಗ ವಾಲ್ವ್ ಎಲ್ಲಿದೆ ಎಂದು ಹುಡುಕಲು ಹೊರಟರೆ ಅಷ್ಟರಲ್ಲಿ ಹಾಸಿಗೆ ತೇಲುತ್ತಿರುತ್ತದೆ. ಇವತ್ತೇ ಹುಡುಕಿಡಿ. ಹೊರಗಿನಿಂದ ನೀರು ಬರುವ ಕಡೆ ಒಂದು, ಮೇಲಿನ ಟ್ಯಾಂಕಿನಿಂದ ಇಳಿಯುವ ಕಡೆ ಒಂದು ವಾಲ್ವ್ ಸಾಮಾನ್ಯವಾಗಿ ಇರುತ್ತದೆ. ಕೈಯಿಂದ ತಿರುಗಿಸಿ ನೋಡಿ. ಚಕ್ರದಂತಹ ಹಿಡಿಯುಳ್ಳ ಗೇಟ್ ವಾಲ್ವನ್ನು ವರ್ಷಗಟ್ಟಲೆ ಮುಟ್ಟದಿದ್ದರೆ ಅದು ಕಚ್ಚಿಕೊಂಡು ಕೂತಿರುತ್ತದೆ. ಅವಸರದಲ್ಲಿ ಜಗ್ಗಿದರೆ ಒಳಗಿನ ಕಡ್ಡಿಯೇ ಮುರಿಯಬಹುದು. ಆರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ತೆರೆದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿಟ್ಟರೆ ಕಚ್ಚಿಕೊಳ್ಳುವುದು ಕಡಿಮೆ. ಬದಲಾಯಿಸುವ ಸಂದರ್ಭ ಬಂದರೆ ಕಾಲು ಸುತ್ತಿಗೇ ಮುಚ್ಚಿಕೊಳ್ಳುವ ಬಾಲ್ ವಾಲ್ವ್ ಹಾಕಿಸಿ. ಮನೆಯಲ್ಲಿರುವ ಎಲ್ಲರಿಗೂ, ಮಕ್ಕಳಿಗೂ, ಅದನ್ನು ತೋರಿಸಿಡಬೇಕು.

ಮನೆ ಮಲಗಿದ ಮೇಲೆ ಮೀಟರ್ ನೋಡಿ

ರಾತ್ರಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರಿನ ಅಂಕಿಗಳನ್ನು, ಕೊನೆಯ ಸಣ್ಣ ಮುಳ್ಳಿನ ಸ್ಥಾನವನ್ನೂ ಸೇರಿಸಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಎರಡು ಗಂಟೆ ಬಿಟ್ಟು ಇನ್ನೊಂದು ಫೋಟೊ. ಮುಳ್ಳು ಕದಲಿದ್ದರೆ ಎಲ್ಲೋ ನೀರು ಹೋಗುತ್ತಿದೆ ಎಂದರ್ಥ. ಮೇಲಿನ ಟ್ಯಾಂಕು ತುಂಬಿಕೊಳ್ಳುತ್ತಿದ್ದರೂ ಮುಳ್ಳು ತಿರುಗುತ್ತದೆ, ಆದ್ದರಿಂದ ಅದಕ್ಕೆ ಹೋಗುವ ವಾಲ್ವ್ ಮುಚ್ಚಿರಲಿ. ಟ್ಯಾಂಕಿನಿಂದ ಕೆಳಗಿನ ಪೈಪುಗಳ ಸ್ಥಿತಿ ತಿಳಿಯಲು ಬೇರೆ ಉಪಾಯ: ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುನ್ನ ನೋಡಿ.

ಕಮೋಡಿನ ಫ್ಲಶ್ ಟ್ಯಾಂಕು ಸದ್ದಿಲ್ಲದ ಕಳ್ಳ. ಅದರೊಳಗೆ ಕಡುಬಣ್ಣದ ಶಾಯಿ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ರಬ್ಬರ್ ಮುಚ್ಚಳ ಸವೆದಿದೆ.

ತೊಟ್ಟಿಕ್ಕುವ ನಲ್ಲಿಯನ್ನು ನಾವು ಎಷ್ಟು ಹಗುರವಾಗಿ ಕಾಣುತ್ತೇವೆ! ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿಯಿರಿ. ಸೆಕೆಂಡಿಗೆ ಒಂದು ಹನಿಯಾದರೆ ದಿನಕ್ಕೆ 86,400 ಹನಿ, ಅಂದರೆ ನಾಲ್ಕು ಲೀಟರಿಗೂ ಹೆಚ್ಚು. ನಲ್ಲಿಯದ್ದಾದರೆ ಅದು ಚರಂಡಿಗೆ ಹೋಯಿತು, ನಷ್ಟ ನೀರಿಗೆ ಮಾತ್ರ. ಗೋಡೆಯೊಳಗಿನ ಪೈಪು ಅದೇ ಲೆಕ್ಕದಲ್ಲಿ ತೊಟ್ಟಿಕ್ಕಿದರೆ ತಿಂಗಳಿಗೆ 130 ಲೀಟರಿನಷ್ಟು ನೀರನ್ನು ಇಟ್ಟಿಗೆಗೆ ಕುಡಿಸಿದಂತೆ.

ತೇವ ಎಲ್ಲಿಂದ ಬಂತು?

ಇಲ್ಲಿ ಅವಸರ ಬೇಡ. ಅರ್ಧ ಖರ್ಚು ವ್ಯರ್ಥವಾಗುವುದು ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕೆಲಸದವರನ್ನು ಕರೆಸುವುದರಿಂದ. ಗೋಡೆಯ ತೇವಕ್ಕೆ ಮೂಲಗಳು ನಾಲ್ಕೇ: ಮಳೆ, ಪೈಪು, ನೆಲ ಮತ್ತು ಮನೆಯೊಳಗಿನ ಗಾಳಿ.

ಮಳೆ ಬಂದಾಗ ಹಿಗ್ಗಿ, ಬಿಸಿಲು ಬಂದಾಗ ಕುಗ್ಗುವ ಕಲೆ ಹೊರಗಿನದು. ಋತುವಿನ ಹಂಗಿಲ್ಲದೆ ದಿನವೂ ಬೆಳೆಯುವುದು ಪೈಪಿನದು. ಪೆನ್ಸಿಲ್ ಗೆರೆಯ ಪ್ರಯೋಜನ ಇದೇ, ಕಾಸಿನ ಖರ್ಚಿಲ್ಲ. ನೆಲದಿಂದ ಏರುವ ತೇವವನ್ನು ಗುರುತಿಸುವುದೂ ಕಷ್ಟವಲ್ಲ: ಗೋಡೆಯ ಬುಡದುದ್ದಕ್ಕೂ ಪಟ್ಟಿಯಂತೆ ಹಬ್ಬಿ, ಹೆಚ್ಚೆಂದರೆ ಸುಮಾರು ಒಂದು ಮೀಟರ್ ಎತ್ತರಕ್ಕೆ ಬಂದು ನಿಲ್ಲುತ್ತದೆ. ಬತ್ತಿ ಎಣ್ಣೆಯನ್ನು ಹೀರಿದಂತೆ ಇಟ್ಟಿಗೆ ನೆಲದ ನೀರನ್ನು ಹೀರುತ್ತದೆ. ಆ ನೀರು ಮಣ್ಣಿನ ಲವಣವನ್ನೂ ಹೊತ್ತು ತರುತ್ತದೆ. ನೀರು ಆರಿದ ಮೇಲೆ ಉಳಿಯುವ ಬಿಳಿ ಹುಡಿಯನ್ನು ಬೆರಳಿಗೆ ತಾಗಿಸಿ ನೋಡಬಹುದು. ಇದನ್ನು ತಡೆಯಲೆಂದೇ ಕಟ್ಟುವಾಗ ಪಾಯದ ಮೇಲೆ ತೇವತಡೆ ಪದರ ಹಾಕುತ್ತಾರೆ. ಅದು ಗಟ್ಟಿಯಾಗಿದ್ದರೂ ಹೊರಗೆ ಗೋಡೆಗೆ ಒತ್ತಿ ಹೂವಿನ ಮಡಿ ಮಾಡಿ, ಮಣ್ಣನ್ನು ಆ ಪದರಕ್ಕಿಂತ ಮೇಲಕ್ಕೆ ಪೇರಿಸಿದರೆ ನೀರು ಸುತ್ತುದಾರಿಯಲ್ಲಿ ಒಳಗೆ ಬರುತ್ತದೆ. ಮಣ್ಣು ಪದರಕ್ಕಿಂತ 15 ಸೆಂಟಿಮೀಟರಾದರೂ ಕೆಳಗಿರಬೇಕು.

ನಾಲ್ಕನೆಯದು ಗಾಳಿ. ಕಪಾಟಿನ ಹಿಂದೆ, ಕೋಣೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳ ಬೂಸ್ಟು ಕಂಡರೆ ಗೋಡೆ ಸೋರುತ್ತಿದೆ ಎಂದೇ ತಿಳಿಯಬೇಕಿಲ್ಲ. ಸ್ನಾನದ ಹಬೆ, ಅಡುಗೆಯ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ತಣ್ಣನೆಯ ಗೋಡೆಗೆ ತಾಗಿ ನೀರಾಗಿರಬಹುದು. ಅನುಮಾನವಿದ್ದರೆ ಅಲ್ಯೂಮಿನಿಯಂ ಹಾಳೆಯ ಒಂದಡಿ ಚೌಕವನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಬಿಗಿಯಾಗಿ ಟೇಪು ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿಗಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆಯಿರಿ, ಬಚ್ಚಲಿಗೆ ಎಕ್ಸಾಸ್ಟ್ ಫ್ಯಾನ್ ಹಾಕಿಸಿ, ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿ. ಬಿಡಿಸಿದಾಗ ಒಳಮೈ ಒದ್ದೆಯಾಗಿದ್ದರೆ ತೇವ ಗೋಡೆಯದೇ.

ತಾರಸಿ ಮತ್ತು ಹೊರಗೋಡೆ

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಸುರಿದರೆ 5,000 ಲೀಟರ್. ಅಷ್ಟೂ ನೀರು ಇಳಿಯಬೇಕಾದದ್ದು ಒಂದೆರಡು ಕೊಳವೆಗಳ ಬಾಯಿಯಿಂದ. ಅಲ್ಲಿ ಹತ್ತು ಒಣಗಿದ ಎಲೆಗಳು, ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೆ ತಾರಸಿ ಕೆರೆಯಾಗುತ್ತದೆ. ದುಬಾರಿ ಲೇಪನಕ್ಕಿಂತ ಮೊದಲು ಪೊರಕೆ ಹಿಡಿಯಿರಿ ಎಂದು ನಾನು ಹೇಳುವುದು ಇದಕ್ಕೇ. ಕೊಳವೆಯ ಬಾಯಿಗೆ ಗುಮ್ಮಟದ ಆಕಾರದ ಜಾಲರಿ ಇರಲಿ. ಚಪ್ಪಟೆ ಜಾಲರಿಯನ್ನು ಒಂದೇ ಎಲೆ ಮುಚ್ಚಿಬಿಡಬಲ್ಲದು.

ಮಳೆ ನಿಂತು ಒಂದು ದಿನವಾದ ಮೇಲೆ ಮೇಲೆ ಹತ್ತಿ ನೋಡಿ. ಎಲ್ಲಿ ನೀರು ಇನ್ನೂ ನಿಂತಿದೆಯೋ ಅಲ್ಲಿ ಇಳಿಜಾರು ಸಾಲದು. ಒಂದು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರು ಇರಬೇಕು. ಆ ತಗ್ಗುಗಳ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕಿಟ್ಟರೆ ಮೇಸ್ತ್ರಿಗೆ ತೋರಿಸಲು ಅನುಕೂಲ. ಹೆಚ್ಚಿನ ಸೋರಿಕೆ ಶುರುವಾಗುವುದು ನಡುವಿನಲ್ಲಲ್ಲ, ಕೂಡುಗಳಲ್ಲಿ: ಅಡ್ಡಗೋಡೆ ತಾರಸಿಯನ್ನು ಸೇರುವ ಮೂಲೆ, ಪೈಪು ಸ್ಲ್ಯಾಬನ್ನು ತೂರಿಕೊಂಡು ಹೋಗುವ ಜಾಗ, ಕೈಕಂಬಿಯ ಕಾಲು ಹುಗಿದ ಕಡೆ. ಬಿರುಕಿನ ಮೇಲೆ ಸಿಮೆಂಟು ಸವರಿದರೆ ಒಂದು ಮಳೆಗಾಲಕ್ಕೂ ಬಾಳದು. ಬಿರುಕನ್ನು ವಿ ಆಕಾರಕ್ಕೆ ಕೊರೆದು, ಧೂಳು ತೆಗೆದು, ಹಿಗ್ಗಿ ಕುಗ್ಗಬಲ್ಲ ಸೀಲೆಂಟ್ ತುಂಬಿಸಬೇಕು. ಸಿಮೆಂಟು ಬಿಸಿಲಿಗೆ ಬಾಗುವ ಜಾತಿಯಲ್ಲ.

ಕಾಂಕ್ರೀಟಿನ ಕಬ್ಬಿಣಕ್ಕೆ ತುಕ್ಕು ಹಿಡಿದರೆ ಅದು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕೇಳಿದಷ್ಟು ಜಾಗ ಸಿಗದಾಗ ಸುತ್ತಲಿನ ಕಾಂಕ್ರೀಟನ್ನೇ ಸಿಡಿಸುತ್ತದೆ. ಚಾವಣಿಯಿಂದ ಹೆಕ್ಕಳಿಕೆ ಬಿದ್ದು ಕಂದು ಸರಳು ಕಂಡರೆ ಸ್ವಂತ ಚಿಕಿತ್ಸೆ ಬೇಡ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ.

ಹೆಂಚಿನ ಮನೆಯಾದರೆ ಹಗಲು ಹೊತ್ತು ಅಟ್ಟ ಹತ್ತಿ ದೀಪ ಆರಿಸಿ. ಬೆಳಕಿನ ಚುಕ್ಕೆ ಕಂಡಲ್ಲೆಲ್ಲ ನೀರಿಗೂ ದಾರಿಯುಂಟು. ಕಿಟಕಿಯ ಸಜ್ಜದ ಅಡಿಗೆ ಕೈಯಾಡಿಸಿ. ಅಂಚಿನ ಹತ್ತಿರ ಬೆರಳಗಲದ ಕಿರುಗಾಲುವೆ ಇರಬೇಕು. ಅದಿಲ್ಲದಿದ್ದರೆ ಹನಿ ಕೆಳಗೆ ಬೀಳದೆ ಅಡಿಮೈಗೆ ಅಂಟಿಕೊಂಡು ಗೋಡೆಯವರೆಗೆ ತೆವಳುತ್ತದೆ. ನೆಲದ ಮೇಲೆ, ಮನೆಯ ಸುತ್ತಲಿನ ಮೂರು ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಇಳಿಜಾರು ಹೊರಮುಖವಾಗಿರಲಿ.

ಬಚ್ಚಲು, ಸಿಂಕು, ವಾಷಿಂಗ್ ಮೆಷಿನ್

ಬಚ್ಚಲಿನ ನೆಲ ಸೋರುತ್ತಿದೆಯೇ ಎಂದು ತಿಳಿಯಲು ನೀರು ಹೋಗುವ ಬಾಯಿಯನ್ನು ಮುಚ್ಚಿ, ಎರಡು ಸೆಂಟಿಮೀಟರ್ ನೀರು ನಿಲ್ಲಿಸಿ, ಗೋಡೆಯ ಮೇಲೆ ಮಟ್ಟದ ಗುರುತು ಹಾಕಿ. ಪಕ್ಕದಲ್ಲಿ ಒಂದು ತಟ್ಟೆಯಲ್ಲೂ ನೀರಿಟ್ಟು ಗುರುತಿಸಿ. 24 ಗಂಟೆಯ ನಂತರ ಎರಡನ್ನೂ ಹೋಲಿಸಿ. ತಟ್ಟೆಯಲ್ಲಿ ಇಳಿದದ್ದು ಆವಿಯಾಗಿ ಹೋದದ್ದು, ನೆಲದಲ್ಲಿ ಅದಕ್ಕಿಂತ ಹೆಚ್ಚು ಇಳಿದಿದ್ದರೆ ಕೆಳಗಿನ ಮನೆಯವರ ಚಾವಣಿಗೆ ಹೋದದ್ದು. ತಾರಸಿಗೂ ಇದೇ ಪರೀಕ್ಷೆ ನಡೆಯುತ್ತದೆ; ಆದರೆ ಐದು ಸೆಂಟಿಮೀಟರ್ ನೀರೆಂದರೆ ಪ್ರತಿ ಚದರ ಮೀಟರಿಗೆ 50 ಕಿಲೊ ಭಾರ, ಹಳೆಯ ಸ್ಲ್ಯಾಬಿನ ಮೇಲೆ ಎಂಜಿನಿಯರನ್ನು ಕೇಳದೆ ನಿಲ್ಲಿಸಬೇಡಿ.

ಟೈಲ್ಸ್ ಸಂದಿಗಳ ಗ್ರೌಟ್ ಉದುರಿದ್ದರೆ ತುಂಬಿಸಿ. ಗೋಡೆ ಮತ್ತು ನೆಲ ಸೇರುವ ಮೂಲೆಗೆ ಸಿಲಿಕೋನ್ ಸೀಲೆಂಟ್ ಬೇಕು. ಹಳೆಯದರ ಮೇಲೆಯೇ ಹೊಸದನ್ನು ಎಳೆದರೆ ಅಂಟುವುದಿಲ್ಲ. ಕೆರೆದು, ಚೆನ್ನಾಗಿ ಒಣಗಿಸಿ ಹಾಕಿ ಒಂದು ದಿನ ನೀರು ತಾಗಿಸಬೇಡಿ. ಸಿಂಕಿನ ಕೆಳಗೆ ಒಣ ಟಿಶ್ಯೂ ಹಾಳೆಯಿಂದ ಪ್ರತಿ ಕೂಡನ್ನೂ ಒರೆಸಿ ನೋಡಿ, ಕಣ್ಣಿಗೆ ಕಾಣದ ಜಿನುಗು ಕಾಗದಕ್ಕೆ ಕಾಣುತ್ತದೆ. ತಿರುಪಿನ ಕೂಡಾದರೆ ಟೆಫ್ಲಾನ್ ಟೇಪನ್ನು ಬಿಗಿ ಮಾಡುವ ದಿಕ್ಕಿನಲ್ಲೇ ಸುತ್ತಬೇಕು. ತಿರುವುಮುರುವಾಗಿ ಸುತ್ತಿದರೆ ಬಿಗಿಯುವಾಗ ಸುರುಳಿಯೆದ್ದು ಹೊರಬರುತ್ತದೆ.

ವಾಷಿಂಗ್ ಮೆಷಿನ್ನಿಗೆ ನೀರು ತರುವ ರಬ್ಬರ್ ಕೊಳವೆಯನ್ನು ಯಾರೂ ಗಮನಿಸುವುದಿಲ್ಲ. ನಲ್ಲಿ ತೆರೆದೇ ಇರುವುದರಿಂದ ಅದರ ಮೇಲೆ ಹಗಲಿರುಳೂ ಒತ್ತಡ. ಉಬ್ಬು, ಬಿರುಕು, ತುದಿಯಲ್ಲಿ ತುಕ್ಕು ಕಂಡರೆ ಬದಲಾಯಿಸಿ. ಏನೂ ಕಾಣದಿದ್ದರೂ ಐದು ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು. ಬಟ್ಟೆ ಒಗೆದಾದ ಮೇಲೆ ನಲ್ಲಿ ಮುಚ್ಚುವ ಅಭ್ಯಾಸ ಇನ್ನೂ ಒಳ್ಳೆಯದು. ಊರಿಗೆ ಹೋಗುವಾಗ ಮುಖ್ಯ ವಾಲ್ವನ್ನೇ ಮುಚ್ಚಿ. ಹೊಸದಾಗಿ ಮನೆ ಕಟ್ಟಿಸುತ್ತಿರುವವರು ಟೈಲ್ಸ್ ಹಾಕುವ ಮೊದಲು ಪೈಪುಗಳಿಗೆ ಒತ್ತಡದ ಪರೀಕ್ಷೆ ಮಾಡಿಸಲಿ, ಪ್ರತಿ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು ಫೋಟೊ ತೆಗೆದಿಡಲಿ. ಅಂಥ ಒಂದು ಫೋಟೊ ಇದ್ದಿದ್ದರೆ ನಾನು ಹದಿನಾಲ್ಕು ಟೈಲ್ಸ್ ಒಡೆಸಬೇಕಿರಲಿಲ್ಲ.

ನೀರು ನುಗ್ಗಿಯೇಬಿಟ್ಟರೆ

ಮೊದಲು ವಿದ್ಯುತ್ ಮೇನ್ ಆರಿಸಿ, ಆಮೇಲೆ ನೀರಿಗೆ ಕಾಲಿಡಿ. ಮೇನ್ ಇರುವ ಜಾಗಕ್ಕೇ ನೀರಿನಲ್ಲಿ ನಡೆದು ಹೋಗಬೇಕಾದರೆ ಹೋಗಬೇಡಿ, ವಿದ್ಯುತ್ ಕೆಲಸ ಬಲ್ಲವರನ್ನು ಕರೆಯಿರಿ. ನಂತರ ನೀರಿನ ವಾಲ್ವ್ ಮುಚ್ಚಿ. ಫಾಲ್ಸ್ ಸೀಲಿಂಗ್ ನೀರು ತುಂಬಿ ಹೊಟ್ಟೆಯಂತೆ ಜೋತಿದ್ದರೆ ಕೆಳಗೆ ಬಕೆಟ್ ಇಟ್ಟು, ಪಕ್ಕಕ್ಕೆ ನಿಂತು ಸ್ಕ್ರೂಡ್ರೈವರಿನಿಂದ ಸಣ್ಣ ತೂತು ಮಾಡಿ. ಇಲ್ಲದಿದ್ದರೆ ಪೂರ್ತಿ ಹಲಗೆಯೇ ಕುಸಿಯುತ್ತದೆ. ವಿಮೆ ಇದ್ದರೆ ಒರೆಸುವ ಮೊದಲೇ ಫೋಟೊ.

ಇನ್ನು ಓಟ ಬೂಸ್ಟಿನ ಜೊತೆ. 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬೂಸ್ಟು ನೆಲೆಯೂರುವುದು ಅಪರೂಪ. ಮೆತ್ತೆ, ಪರದೆ, ರಟ್ಟಿನ ಪೆಟ್ಟಿಗೆಗಳನ್ನು ಹೊರಗೆ ಸಾಗಿಸಿ. ಕಪಾಟಿನ ಬಾಗಿಲುಗಳನ್ನು ತೆರೆದಿಡಿ. ನೆನೆದ ಪುಸ್ತಕ, ದಾಖಲೆಗಳನ್ನು ಒಣಗಿಸಲು ತಕ್ಷಣ ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ವಿಚಿತ್ರವೆನಿಸಿದರೂ ಪತ್ರಾಗಾರಗಳಲ್ಲಿ ಮಾಡುವುದೇ ಹೀಗೆ, ಹೆಪ್ಪುಗಟ್ಟಿದ ಕಾಗದದ ಮೇಲೆ ಬೂಸ್ಟು ಬೆಳೆಯದು. ಬೂಸ್ಟು ಹಿಡಿದ ಗೋಡೆಯನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಅದರ ಕಣಗಳು ಮನೆಯೆಲ್ಲ ಹಾರುತ್ತವೆ. ಮಾಸ್ಕ್ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ. ಬ್ಲೀಚನ್ನು ಆ್ಯಸಿಡ್ಡಿನ ಜೊತೆ ಎಂದೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಬಣ್ಣ ಯಾವಾಗ?

ಸೋರಿಕೆ ನಿಂತ ಮರುದಿನವೇ ಬಣ್ಣದ ಡಬ್ಬ ತರಬೇಡಿ. ಮೇಲ್ಮೈ ಒಣಗಿದಂತೆ ಕಂಡರೂ ಇಟ್ಟಿಗೆಯ ಒಡಲು ಒದ್ದೆಯಾಗಿಯೇ ಇರುತ್ತದೆ. ಒಂದಂಗುಲ ದಪ್ಪ ಒಣಗಲು ಸರಿಸುಮಾರು ಒಂದು ತಿಂಗಳು ಎಂಬುದು ಕಟ್ಟಡದವರ ಅಂದಾಜು. ಉಬ್ಬಿದ ಗಿಲಾವನ್ನು ಕಿತ್ತು ಗೋಡೆಗೆ ಉಸಿರಾಡಲು ಬಿಡಿ, ಬಿಳಿ ಹುಡಿ ಎದ್ದಾಗಲೆಲ್ಲ ಒಣ ಬ್ರಷ್ಷಿನಿಂದ ಕೆಳಗುರುಳಿಸಿ ಗುಡಿಸಿ, ನೀರು ಹಾಕಿ ತೊಳೆದರೆ ಲವಣ ಮತ್ತೆ ಒಳಗೆ ಹೋಗುತ್ತದೆ. ಕಡೆಗೆ ಅಲ್ಯೂಮಿನಿಯಂ ಹಾಳೆಯನ್ನು ಇನ್ನೊಮ್ಮೆ ಅಂಟಿಸಿ ಎರಡು ದಿನ ಕಾಯಿರಿ. ಒಳಮೈ ಒಣಗಿದ್ದರೆ ಗಿಲಾವು, ಪುಟ್ಟಿ, ಬಣ್ಣ. ನನ್ನ ಮಲಗುವ ಕೋಣೆಯ ಗೋಡೆ ಈ ಪರೀಕ್ಷೆಯಲ್ಲಿ ಮೂರು ಬಾರಿ ಅನುತ್ತೀರ್ಣವಾಯಿತು. ನಾಲ್ಕನೆಯ ಸಲ ಹಾಳೆ ಒಣಗಿಯೇ ಬಂತು.