ಸ್ಪ್ಯಾನಿಷ್‌ನಲ್ಲಿ ‘ಕೂತ್ಕೋ’ ಅನ್ನಲು ನಾನು ಹಿಡಿದ ದಾರಿ

ಕೂತ್ಕೋ, ಮಲ್ಕೋ, ಹಾಕ್ಕೋ. ಈ ‘ಕೋ’ ಮಾಡುವ ಕೆಲಸವನ್ನು ಸ್ಪ್ಯಾನಿಷ್‌ನಲ್ಲಿ ಹೆಚ್ಚುಕಡಿಮೆ ತೆ, ಸೆ, ನೊಸ್, ಒಸ್ ಎಂಬ ಬಾಲಗಳು ಮಾಡುತ್ತವೆ. ‘ಮಾಡು’ ಅಂತ ಆಜ್ಞೆ ಕೊಡುವಾಗ (‘ಮಾಡಬೇಡ’ ಅನ್ನುವಾಗ ಅಲ್ಲ) ಇವು ಕ್ರಿಯಾಪದದ ಹಿಂದೆ ಅಂಟುತ್ತವೆ, ಬಿಡಿಸಿ ಬರೆಯುವಂತಿಲ್ಲ. ಕೆಳಗಿನ ಸ್ಪ್ಯಾನಿಷ್ ಪದಗಳಲ್ಲಿ ಒತ್ತು ಬೀಳುವ ಕಡೆ ದೀರ್ಘ ಬರೆದಿದ್ದೇನೆ. ಇಡೀ ಪಾಠದ ಬೀಗದ ಕೈ ಆ ಒತ್ತೇ.

‘ನೀನು’ ರೂಪಕ್ಕೆ ನಾನು ಮೂಲಧಾತುವಿನಿಂದ ಹೊರಡುವುದಿಲ್ಲ. ಸೆಂತಾರ್ಸೆ ಅಂದರೆ ಕೂತುಕೊಳ್ಳುವುದು. ‘ಅವನು ಕೂತ್ಕೋತಾನೆ’ ಅನ್ನಲು ‘ಸೆ ಸ್ಯೇಂತ’. ಮುಂದಿನ ಸೆ ತೆಗೆದು ಹಿಂದೆ ತೆ ಅಂಟಿಸಿದರೆ ಸ್ಯೇಂತತೆ, ಕೂತ್ಕೋ. ಎ ಹೋಗಿ ಯೆ ಆಗುವ ಬದಲಾವಣೆ ಆ ರೂಪದಲ್ಲೇ ಇರುವುದರಿಂದ ಬೇರೆ ನೆನಪಿಡಬೇಕಿಲ್ಲ. ಹಾಗೆಯೇ ಅಕ್ವೇಸ್ತತೆ (ಮಲ್ಕೋ), ಬೀಸ್ತೆತೆ (ಬಟ್ಟೆ ಹಾಕ್ಕೋ), ದ್ವೇರ್ಮೆತೆ (ನಿದ್ದೆ ಮಾಡು). ಬಾಲ ಸೇರಿದ ಮೇಲೆ ಒತ್ತು ಕೊನೆಯಿಂದ ಮೂರನೆಯ ಅಕ್ಷರದ ಮೇಲಾಗುತ್ತದೆ. ಅಂಥ ಪದಕ್ಕೆ ಬರವಣಿಗೆಯಲ್ಲಿ ಒತ್ತಿನ ಗೆರೆ ಕಡ್ಡಾಯ. ಐ-ಇ (ie) ಜೋಡಿಯಲ್ಲಾಗಲಿ ಯು-ಇ (ue) ಜೋಡಿಯಲ್ಲಾಗಲಿ ಗೆರೆ ಇ (e) ಅಕ್ಷರದ ಮೇಲೆಯೇ ಬರಬೇಕು.

ಮರ್ಯಾದೆಯ ರೂಪಕ್ಕೆ ‘ನಾನು’ ರೂಪ ಹಿಡಿಯಿರಿ: ಸ್ಯೇಂತೊ. ಕೊನೆಯ ಒ ತೆಗೆದು, -ಆರ್ ಕ್ರಿಯಾಪದಕ್ಕೆ (ಸೆಂತಾರ್-ಸೆ ಥರದ್ದು) ಎ, -ಈರ್ ಕ್ರಿಯಾಪದಕ್ಕೆ (ಬೆಸ್ತೀರ್-ಸೆ, ಬಟ್ಟೆ ಹಾಕಿಕೊಳ್ಳುವುದು) ಅ ಸೇರಿಸಿ, ಸೆ ಅಂಟಿಸಿ: ಸ್ಯೇಂತೆಸೆ, ಬೀಸ್ತಸೆ. ನಮ್ಮವರು ಎಡವುವುದು ಇಲ್ಲೇ. ನಮ್ಮ ‘ಕೂತ್ಕೊಳ್ಳಿ’ ಒಬ್ಬ ಹಿರಿಯರಿಗೂ ಸರಿ, ಹತ್ತು ಜನರಿಗೂ ಸರಿ. ಸ್ಪ್ಯಾನಿಷ್‌ನಲ್ಲಿ ಒಬ್ಬರಿಗೆ ಸ್ಯೇಂತೆಸೆ, ಹಲವರಿಗೆ ಸ್ಯೇಂತೆನ್ಸೆ. ಆ ‘ನ್’ ಸೆ ಬಾಲಕ್ಕಿಂತ ಮುಂಚೆಯೇ ಬರಬೇಕು.

ಇನ್ನೊಂದು ಹಳ್ಳ ಸೆಂತೀರ್ಸೆ, ಅಂದರೆ ಅನ್ನಿಸುವುದು. ಇದರ ಮರ್ಯಾದೆಯ ರೂಪ ಸ್ಯೇಂತಸೆ. ಒಂದೇ ಸ್ವರದ ವ್ಯತ್ಯಾಸ. ‘ಸ್ಯೇಂತಸೆ ಕೊಮೊ ಎನ್ ಸು ಕಾಸ’ ಅಂದರೆ ‘ನಿಮ್ಮದೇ ಮನೆ ಅಂದ್ಕೊಳ್ಳಿ’. ಅಲ್ಲಿ ಸ್ಯೇಂತೆಸೆ ಅಂದರೆ ‘ನಿಮ್ಮ ಮನೇಲಿ ಕೂತ ಹಾಗೆ ಕೂತ್ಕೊಳ್ಳಿ’ ಅಂದಂತಾಗುತ್ತದೆ. ಈ ಜೋಡಿಯನ್ನು ಮಾತ್ರ ಜೋರಾಗಿ, ಒಂದರ ಪಕ್ಕ ಒಂದನ್ನಿಟ್ಟು ಹೇಳಿ ಹೇಳಿ ನಾಲಿಗೆಗೆ ಕೂರಿಸಬೇಕು.

‘ಕೂತ್ಕೊಳ್ಳೋಣ’ ಅನ್ನುವಾಗ ಒತ್ತು ಧಾತುವನ್ನು ಬಿಟ್ಟು ಮುಂದೆ ಸರಿಯುತ್ತದೆ. ಹಾಗಾಗಿ ಜೋಡಿಸ್ವರವೂ ಹೋಗುತ್ತದೆ: ಸೆಂತೇಮೊನೊಸ್, ಅಕೊಸ್ತೇಮೊನೊಸ್. ಸೆಂತೇಮೊಸ್ ಜೊತೆ ನೊಸ್ ಸೇರುವಾಗ ನಡುವಿನ ಸ್ ಬಿದ್ದುಹೋಗುವುದನ್ನೂ ಗಮನಿಸಿ. -ಈರ್ ಗುಂಪಿನಲ್ಲಿ ಮಾತ್ರ ಸಣ್ಣ ಬದಲಾವಣೆ ಉಳಿಯುತ್ತದೆ, ಎ ಇ ಆಗಿ, ಒ ಉ ಆಗಿ: ಬಿಸ್ತಾಮೊನೊಸ್, ದುರ್ಮಾಮೊನೊಸ್.

ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಹೇಳುವ ರೂಪದಲ್ಲಿ ಕೊನೆಯ ದ್ ಬೀಳುತ್ತದೆ: ಸೆಂತಾದ್, ಒಸ್ ಸೇರಿ ಸೆಂತಾಒಸ್. -ಈರ್ ಆದರೆ ಬೆಸ್ತೀಒಸ್, ಇಲ್ಲಿ ಐ (i) ಅಕ್ಷರದ ಮೇಲೆ ಗೆರೆ. ‘ಹೊರಟುಹೋಗಿ’ ಅನ್ನುವ ಈದೊಸ್ ಮಾತ್ರ ದ್ ಬಿಡದು.

ಅರ್ಜೆಂಟೀನಾದವರು ‘ನೀನು’ ಅನ್ನಲು ‘ಬೊಸ್’ ಬಳಸಿ ಆಜ್ಞೆ ಕೊಡುವಾಗ ಒತ್ತು ಧಾತುವಿನ ಮೇಲೆ ಬೀಳುವುದೇ ಇಲ್ಲ. ಆದ್ದರಿಂದ ಸ್ವರವೂ ಬದಲಾಗದು, ಗೆರೆಯೂ ಬೇಡ: ಸೆಂತಾತೆ, ಅಕೊಸ್ತಾತೆ, ಬೆಸ್ತೀತೆ, ದೊರ್ಮೀತೆ.