300 ಅಕ್ಷರ ಬಂತು, ಈಗ ಏನು ಓದೋಣ?

ಚೈನೀಸ್ ಕಲಿಸುವ ವಿಡಿಯೊ, ಆ್ಯಪ್, ಪಾಠದ ಪುಸ್ತಕ ಇವಕ್ಕೆ ಈಗ ಬರ ಇಲ್ಲ. ಬೆಳಗಾವಿಯಲ್ಲಿ ಕೂತು ಮೊಬೈಲಿನಲ್ಲೇ ಶುರು ಮಾಡಬಹುದು. ತೊಂದರೆ ಬರುವುದು ಆಮೇಲೆ. ಒಂದಷ್ಟು ಅಕ್ಷರ (ಚೈನೀಸಿನಲ್ಲಿ ಅಕ್ಷರಕ್ಕೆ ಸದ್ದಷ್ಟೇ ಅಲ್ಲ, ಅರ್ಥವೂ ಇರುತ್ತದೆ, ಅಂಥವು ಸಾವಿರಾರು) ಗುರುತು ಸಿಗುತ್ತವೆ, ಸಣ್ಣ ವಾಕ್ಯ ಅರ್ಥವಾಗುತ್ತವೆ, ಇನ್ನು ಓದಲು ಏನಾದರೂ ಬೇಕು ಅನಿಸುತ್ತದೆ. ಪಾಠದ ಪುಸ್ತಕದಲ್ಲಿ ಅದೇ ಅರ್ಧ ಪುಟದ ಮಾತುಕತೆ. ಅದನ್ನು ಬಿಟ್ಟು ಹೊರಗೆ ಹೋದರೆ ಒಂದು ಸಾಲೂ ಬಗೆಹರಿಯುವುದಿಲ್ಲ. ಬಹಳ ಜನ ಕೈಬಿಡುವುದು ಇಲ್ಲೇ.

ನಾನು ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ಬರುವ ಡಬ್ಬಿಗಳ ಮೇಲೆ ಚೈನೀಸ್ ಇದ್ದೇ ಇರುತ್ತದೆ. ಅದನ್ನು ಓದಬೇಕು ಅನ್ನುವ ಹಟದಿಂದ ಶುರುವಾದ ಕಲಿಕೆ ನನ್ನದು. ಊರಲ್ಲಿ ಚೈನೀಸ್ ಕಲಿಸುವವರು ನನಗೆ ಸಿಗಲಿಲ್ಲ, ಇಲ್ಲಿನ ಪುಸ್ತಕದಂಗಡಿಗಳಲ್ಲಿ ಕೇಳಿದರೆ ಇಂಗ್ಲಿಷ್ ಸ್ಪೀಕಿಂಗ್ ಪುಸ್ತಕ ತೋರಿಸುತ್ತಿದ್ದರು. ಹಾಗಾಗಿ ಓದುವ ಸಾಮಗ್ರಿಯನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಹುಡುಕುವಾಗ ನಾನು ಹಿಡಿದ ದಾರಿ ಒಂದೇ. ವಿಷಯ ನೋಡಿ, ಮುಖಪುಟ ನೋಡಿ ಪುಸ್ತಕ ಆರಿಸುವುದಿಲ್ಲ. ಅದರಲ್ಲಿ ಎಷ್ಟು ಬೇರೆ ಬೇರೆ ಅಕ್ಷರ ಬಳಸಿದ್ದಾರೆ ಅನ್ನುವುದನ್ನು ಮೊದಲು ನೋಡುತ್ತೇನೆ. ಯಾಕೆ ಅಂತ ಕನ್ನಡದಲ್ಲೇ ನೋಡಿ: 'ನಿನ್ನೆ ……ಗೆ ಹೋಗಿ …… ತಂದೆ, ಆದರೆ ಅದರಲ್ಲಿ …… ಇರಲಿಲ್ಲ.' ಒಂಬತ್ತು ಪದಗಳಲ್ಲಿ ಆರು ಗೊತ್ತು. ಆದರೂ ಎಲ್ಲಿಗೆ ಹೋದರು, ಏನು ತಂದರು, ಏನು ಇರಲಿಲ್ಲ, ಒಂದೂ ಗೊತ್ತಾಗಲಿಲ್ಲ ಅಲ್ವಾ? ಯಾರ ಸಹಾಯವೂ ಇಲ್ಲದೆ ಕತೆ ಓದಿ ಸವಿಯಬೇಕಾದರೆ ನೂರಕ್ಕೆ 98 ಪದ ಮೊದಲೇ ಗೊತ್ತಿರಬೇಕು ಎಂದು ನ್ಯೂಜಿಲೆಂಡಿನ ಭಾಷಾ ತಜ್ಞ ಪಾಲ್ ನೇಷನ್ ಮತ್ತು ಅವರ ಜೊತೆಗಾರರು ಇಂಗ್ಲಿಷ್ ಕಲಿಯುವವರನ್ನು ಇಟ್ಟುಕೊಂಡು 2000ದಲ್ಲಿ ತೋರಿಸಿದ್ದರು. ಚೈನೀಸಿಗೂ ನಾನು ಅದನ್ನೇ ಅಳತೆ ಮಾಡಿಕೊಂಡೆ. ಯಾವುದೇ ಪುಸ್ತಕದ ಮಾದರಿ ಪುಟ ಸಿಕ್ಕರೆ ನೂರು ಅಕ್ಷರ ಎಣಿಸಿ, ಗೊತ್ತಿಲ್ಲದ್ದಕ್ಕೆ ಪೆನ್ಸಿಲಿನಿಂದ ಚುಕ್ಕೆ ಇಡುತ್ತೇನೆ. ಎರಡು ಮೂರು ಚುಕ್ಕೆ ಇದ್ದರೆ ತೆಗೆದುಕೊಳ್ಳುತ್ತೇನೆ. ಹತ್ತು ದಾಟಿದರೆ ಅದು ಓದು ಅಲ್ಲ, ಡಿಕ್ಷನರಿ ತಿರುವುವ ಕೆಲಸ.

ಎಲ್ಲರೂ ಮೊದಲು ಹೇಳುವುದು 'ಮಕ್ಕಳ ಪುಸ್ತಕ ಓದಿ' ಅಂತ. ನನ್ನ ಮಟ್ಟಿಗೆ ಇದು ಕೆಟ್ಟ ಸಲಹೆ. ಚೀನಾದಲ್ಲಿ ಶಾಲೆಗೆ ಹೋಗುವ ಆರು ವರ್ಷದ ಮಗುವಿಗೆ ಮಾತು ಪೂರ್ತಿ ಬರುತ್ತದೆ, ಬರದೇ ಇರುವುದು ಅಕ್ಷರ ಮಾತ್ರ. ನಮಗೆ ಎರಡೂ ಬರುವುದಿಲ್ಲ. ಮಕ್ಕಳ ಕತೆಯಲ್ಲಿ ಮಿಡತೆ, ಗೊದಮೊಟ್ಟೆ, ನೀರು ಬೀಳುವ ಸದ್ದು, ಕಪ್ಪೆ ಹಾರುವ ಸದ್ದು ಎಲ್ಲ ಇರುತ್ತವೆ. ಒಂದನೇ ತರಗತಿಯ ಭಾಷಾ ಪುಸ್ತಕದಲ್ಲೇ ತಾಂಗ್ ರಾಜರ ಕಾಲದ, ಅಂದರೆ ಸಾವಿರ ವರ್ಷಕ್ಕೂ ಹಳೆಯ ಪದ್ಯ ಬರುತ್ತದೆ. 'ನಾಳೆ ಎಷ್ಟು ಗಂಟೆಗೆ ಬರ್ತೀರಿ' ಅಂತ ಕೇಳಲು ಬಾರದವರಿಗೆ ಗೊದಮೊಟ್ಟೆ ಯಾಕೆ ಬೇಕು?

ಬೇಕಾದದ್ದು ಕಲಿಯುವವರಿಗೆಂದೇ, ಅಕ್ಷರಕ್ಕೆ ಲೆಕ್ಕ ಇಟ್ಟು ಬರೆದ ಕತೆ ಪುಸ್ತಕಗಳು. ಇವನ್ನು ಗ್ರೇಡೆಡ್ ರೀಡರ್ ಅನ್ನುತ್ತಾರೆ. ನನಗೆ ಕೆಲಸಕ್ಕೆ ಬಂದವು ಎರಡು ಸರಣಿ. ಮ್ಯಾಂಡರಿನ್ ಕಂಪ್ಯಾನಿಯನ್ 150 ಅಕ್ಷರಗಳ ಮಟ್ಟದಿಂದ ಶುರುವಾಗುತ್ತದೆ, ಆಮೇಲೆ 300, ಆಮೇಲೆ 450. ಹಳೆಯ ಇಂಗ್ಲಿಷ್ ಕತೆಗಳನ್ನು ಚೀನಾದ ಊರುಗಳಿಗೆ ತಂದು ಹೊಸದಾಗಿ ಬರೆದ ಪುಸ್ತಕಗಳು ಇದರಲ್ಲಿ ಹೆಚ್ಚು. ಇನ್ನೊಂದು ಪೀಕಿಂಗ್ ವಿಶ್ವವಿದ್ಯಾಲಯದ ಪ್ರೆಸ್‌ನ ಚೈನೀಸ್ ಬ್ರೀಜ್. ಅದರ ಮೊದಲ ಮಟ್ಟ 300 ಪದ, ಎರಡನೆಯದು 500 ಪದ. ಇಲ್ಲಿ ಒಂದು ಕಡೆ ಅಕ್ಷರದ ಲೆಕ್ಕ, ಇನ್ನೊಂದು ಕಡೆ ಪದದ ಲೆಕ್ಕ ಎಂಬುದನ್ನು ಗಮನಿಸಬೇಕು. ವಿದ್ಯುತ್ತಿನ ಅಕ್ಷರದ ಪಕ್ಕ ಮಾತಿನ ಅಕ್ಷರ ಬಂದರೆ ಫೋನು, ಮೆದುಳಿನ ಅಕ್ಷರ ಬಂದರೆ ಕಂಪ್ಯೂಟರು, ನೆರಳಿನ ಅಕ್ಷರ ಬಂದರೆ ಸಿನಿಮಾ. 300 ಅಕ್ಷರದಿಂದ 300ಕ್ಕಿಂತ ಎಷ್ಟೋ ಜಾಸ್ತಿ ಪದ ಆಗುತ್ತವೆ.

ಇದೇ ರೀತಿ ಎಚ್‌ಎಸ್‌ಕೆ ಅನ್ನುವ, ಹೊರಗಿನವರಿಗೆ ಚೈನೀಸ್ ಎಷ್ಟು ಬರುತ್ತದೆ ಎಂದು ಅಳೆಯುವ ಚೀನಾದ ಪರೀಕ್ಷೆಯ ಹೆಸರು ಪುಸ್ತಕಗಳ ಮೇಲೆ ಇರುತ್ತದೆ. 2010ರ ಪಟ್ಟಿಯಲ್ಲಿ ಮೊದಲ ಮಟ್ಟ 150 ಪದ, ಎರಡನೆಯದು 300, ಮೂರನೆಯದು 600. 2021ರಲ್ಲಿ ಚೀನಾ ಒಂಬತ್ತು ಮಟ್ಟಗಳ ಹೊಸ ಮಾನದಂಡ ತಂದಿತು. ಅದರಲ್ಲಿ ಮೊದಲ ಮಟ್ಟವೇ 500 ಪದ. ಸುಮ್ನೆ 'ಎಚ್‌ಎಸ್‌ಕೆ 1' ಎಂದು ಬರೆದಿದ್ದರೆ ಹಳೆಯದೋ ಹೊಸದೋ ನೋಡಿ ದುಡ್ಡು ಕೊಡಿ.

ಲಿಪಿಯನ್ನೂ ನೋಡಿಕೊಳ್ಳಿ. ಚೀನಾ 1956ರಿಂದ ಗೆರೆ ಕಡಿಮೆ ಮಾಡಿದ ಅಕ್ಷರ ಬಳಸುತ್ತಿದೆ. ತೈವಾನ್, ಹಾಂಗ್‌ಕಾಂಗ್‌ನಲ್ಲಿ ಹಳೆಯ ರೂಪವೇ ಇದೆ. ಪುಕ್ಕಟೆ ಸಿಗುವ ಹಳೆಯ ಪುಸ್ತಕಗಳು ಹೆಚ್ಚಾಗಿ ಹಳೆಯ ಲಿಪಿಯವು. ನನ್ನ ಡಬ್ಬಿಗಳೆಲ್ಲ ಹೊಸ ಲಿಪಿಯವು, ಹಾಗಾಗಿ ಆಯ್ಕೆಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಹೊರದೇಶದಿಂದ ತರಿಸಿದ ಪುಸ್ತಕಕ್ಕೆ ಬೆಲೆ ಜಾಸ್ತಿ, ಇ-ಪುಸ್ತಕವೇ ಮೇಲು. ಮೊಬೈಲಿನಲ್ಲಿ ಡು ಚೈನೀಸ್ ಅನ್ನುವ ಆ್ಯಪ್ ಇದೆ. ಸಣ್ಣ ಸಣ್ಣ ಪಾಠಗಳು, ಓದಿ ಹೇಳುವ ಧ್ವನಿಯೂ ಇದೆ. ಕೆಲವು ಪುಕ್ಕಟೆ, ಉಳಿದವಕ್ಕೆ ಚಂದಾ. ಅದರಲ್ಲಿ ನನಗೆ ಹಿಡಿಸಿದ್ದು ಅಕ್ಷರದ ಮೇಲಿನ ಪಿನ್‌ಯಿನ್ ಮುಚ್ಚಿಡಬಹುದು ಅನ್ನುವುದು. ಪಿನ್‌ಯಿನ್ ಅಂದರೆ ಚೈನೀಸ್ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪದ್ಧತಿ, 1958ರಿಂದ ಚೀನಾದಲ್ಲಿ ಜಾರಿಯಲ್ಲಿದೆ. ಅದು ಮೇಲೆ ಕಾಣುತ್ತಿದ್ದರೆ ಕಣ್ಣು ಕೆಳಗಿನ ಅಕ್ಷರಕ್ಕೆ ಇಳಿಯುವುದೇ ಇಲ್ಲ. ಅದನ್ನು ಇಂಗ್ಲಿಷಿನಂತೆ ಓದಿದರೆ ಉಚ್ಚಾರವೂ ಕೆಡುತ್ತದೆ. ಅಲ್ಲಿ 'ಬಿ' ಬರೆದದ್ದು ನಮ್ಮ 'ಪ'ಗೆ ಹತ್ತಿರ, 'ಪಿ' ಬರೆದದ್ದು ಉಸಿರು ಬಿಟ್ಟು ಹೇಳುವ 'ಪ'. ಅಲ್ಪಪ್ರಾಣ ಮಹಾಪ್ರಾಣ ಕಲಿತ ನಮಗೆ ಇದು ಇಂಗ್ಲಿಷಿನವರಿಗಿಂತ ಸುಲಭ.

ಗೊತ್ತಿಲ್ಲದ ಪದಕ್ಕೆ ಪ್ಲೆಕೊ ಡಿಕ್ಷನರಿ ಸಾಕು. ಅದರಲ್ಲಿ ಯಾವುದೇ ಸಾಲನ್ನು ಕಾಪಿ ಮಾಡಿ ಹಾಕಿದರೆ ಪದದ ಮೇಲೆ ಬೆರಳಿಟ್ಟು ಅರ್ಥ ನೋಡಬಹುದು. ಚೈನೀಸಿನಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲವಾದ್ದರಿಂದ ಪದ ಎಲ್ಲಿ ಮುಗಿಯಿತು ಅನ್ನುವುದೇ ಮೊದಲ ತಲೆನೋವು. ಅದನ್ನೂ ಇದು ಬಿಡಿಸಿ ತೋರಿಸುತ್ತದೆ. ಹೊರದೇಶದವರು ವೀಚಾಟ್‌ನಲ್ಲಿ ಬರುವ ಲೇಖನ ಓದಿ ಅನ್ನುತ್ತಾರೆ. ಆ ಆ್ಯಪ್ 2020ರ ಜೂನ್‌ನಲ್ಲಿ ನಮ್ಮ ಸರ್ಕಾರ ನಿಷೇಧಿಸಿದ 59ರಲ್ಲಿ ಒಂದು, ಆ ಸಲಹೆ ನಮಗೆ ಬೇಡ.

ಪುಸ್ತಕಕ್ಕಿಂತ ಹೆಚ್ಚು ಖುಷಿ ಕೊಟ್ಟದ್ದು ಸ್ಟೋರಿನ ಚೀಟಿಗಳು. ಚೀನಾದ ಟೂಲ್ ಡಬ್ಬಿಯಲ್ಲಿ ಅಂಗೈ ಅಗಲಕ್ಕಿಂತ ಸಣ್ಣ ಕಾಗದ ಇರುತ್ತದೆ, ಮಾಲು ತಪಾಸಣೆಯಲ್ಲಿ ಪಾಸಾಗಿದೆ ಅನ್ನುವ ಚೀಟಿ. ಮೇಲೆ ದಪ್ಪಗೆ ಮೂರು ಅಕ್ಷರ. ಕೆಳಗೆ ಮಾಲಿನ ಹೆಸರು, ಮಾಡೆಲ್, ತಪಾಸಣೆ ಮಾಡಿದವರ ನಂಬರು, ತಾರೀಕು. ಬೇರೆ ಬೇರೆ ಕಂಪನಿಯ ಡಬ್ಬಿ ತೆರೆದರೂ ಹೆಚ್ಚುಕಡಿಮೆ ಅದೇ ಪದಗಳು. ತಾರೀಕಿನಲ್ಲಿ ವರ್ಷ, ತಿಂಗಳು, ದಿನದ ಅಕ್ಷರ ಅದೇ ಸಾಲಿನಲ್ಲಿ ಬರುತ್ತವೆ. ಹೀಗೆ ಮತ್ತೆ ಮತ್ತೆ ಬರುವುದೇ ಹೊಸಬರಿಗೆ ಬೇಕು. ಯಾವ ಪಾಠವೂ ಇಷ್ಟು ಸಲ ಒಂದೇ ಪದವನ್ನು ಎದುರಿಗೆ ತರುವುದಿಲ್ಲ. ಚೀಟಿಗಳನ್ನು ಒಂದು ನೋಟ್‌ಬುಕ್ಕಿಗೆ ಅಂಟಿಸಿಟ್ಟಿದ್ದೇನೆ. ಅದನ್ನು ಹರಡಿಕೊಂಡು ಕೂತಾಗ ಹೆಲ್ಪರ್ ಹುಡುಗ, "ಅಕ್ಕಾರ, ಏನ್ರಿ ಇದು, ರಂಗೋಲಿ ಓದಾಕತ್ತೀರೇನು?" ಎಂದ. ಈಗ ಹೊಸ ಡಬ್ಬಿ ಒಡೆದರೆ ಚೀಟಿ ತಂದು ಕೊಡುವವನು ಅವನೇ. ಮಷಿನ್ ಪ್ಯಾನೆಲ್ಲಿನ ಬಟನ್ನುಗಳೂ ಹೀಗೆಯೇ. ಚಾಲೂ, ಬಂದ್, ತುರ್ತು ನಿಲುಗಡೆ, ಕೂಲಂಟ್ ಇವನ್ನು ಸರಿಯಾಗಿ ಓದಿದೆನೋ ಇಲ್ಲವೋ ಅಂತ ಬಟನ್ ಒತ್ತಿದವರನ್ನು ಕೇಳಿದರೆ ಗೊತ್ತಾಗುತ್ತದೆ, ಉತ್ತರದ ಪುಟ ಹುಡುಕಬೇಕಿಲ್ಲ.

ಸ್ವಂತ ಪಾಠ ಮಾಡಿಕೊಳ್ಳುವುದೂ ಒಂದು ದಾರಿ. ನನಗೆ ಗೊತ್ತಿರುವ ಪದಗಳ ಪಟ್ಟಿಯನ್ನು ಎಐ ಚಾಟ್‌ಬಾಟ್‌ಗೆ ಕೊಟ್ಟು, 'ಇವಷ್ಟನ್ನೇ ಬಳಸಿ ಸಣ್ಣ ಕತೆ ಬರಿ' ಅನ್ನುತ್ತೇನೆ. ಬರೆಯುತ್ತದೆ, ಆದರೆ ಪಟ್ಟಿಯ ಹೊರಗಿನ ಪದ ನುಸುಳಿಸುತ್ತದೆ, ಕತೆಯೂ ಸಪ್ಪೆ. ಕಲಿತ ಪದ ಗಟ್ಟಿ ಮಾಡಲು ಪರವಾಗಿಲ್ಲ, ಮುಂದೇನಾಯಿತು ಅನ್ನುವ ಕುತೂಹಲ ಮಾತ್ರ ಹುಟ್ಟುವುದಿಲ್ಲ.

ಇಂಥ ಪಾಠಗಳನ್ನು ಕಾಗದದ ಮೇಲೆ ಓದುವವರಿಗೆ ಒಂದು ಮಾತು. ಝೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ. ಅವರ ಕಂಪ್ಯೂಟರಿನಲ್ಲಿ ಚೈನೀಸ್ ಫಾಂಟ್ ಇಲ್ಲದಿದ್ದರೆ ಬರೀ ಖಾಲಿ ಚೌಕಗಳು ಬರುತ್ತವೆ. ಮನೆಯಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ. ಅಕ್ಷರದ ಗಾತ್ರ 16ಕ್ಕಿಂತ ಕಡಿಮೆ ಬೇಡ, ಹತ್ತಿಪ್ಪತ್ತು ಗೆರೆಗಳಿರುವ ಅಕ್ಷರ ಸಣ್ಣದಾದರೆ ಮಸಿ ತುಂಬಿಕೊಂಡು ಕರಿ ಚುಕ್ಕೆ ಆಗುತ್ತದೆ. ಸಾಲುಗಳ ನಡುವೆ ಜಾಗ ಬಿಟ್ಟು, ಸ್ಪೈರಲ್ ಹಾಕಿಸಿದರೆ ಮುಗಿಯಿತು.

ಒಂದು ಕತೆಯನ್ನು ನಾನು ಒಂದೇ ಸಲ ಓದಿ ಬಿಡುವುದಿಲ್ಲ. ಮೊದಲ ಸಲ ಡಿಕ್ಷನರಿ ಮುಟ್ಟದೆ, ಎರಡನೇ ಸಲ ಧ್ವನಿ ಕೇಳುತ್ತ, ಆಮೇಲೆ ಒಂದಷ್ಟು ದಿನ ಬಿಟ್ಟು ಮತ್ತೊಮ್ಮೆ. ಹೊಸ ಪುಸ್ತಕದ ಖರ್ಚೂ ಉಳಿಯುತ್ತದೆ. ಈಗ ಓದುತ್ತಿರುವುದು 450 ಅಕ್ಷರದ ಮಟ್ಟದ್ದು. ದಿ ಚೇರ್‌ಮನ್ಸ್ ಬಾವೊ ಅಂತ ಕಲಿಯುವವರಿಗೆ ಮಟ್ಟ ಹಾಕಿ ಸುದ್ದಿ ಬರೆದು ಕೊಡುವ ಆ್ಯಪ್ ಇದೆ. ಅದರ ಕೆಳಗಿನ ಮಟ್ಟದ ಸುದ್ದಿಗೆ ಚುಕ್ಕೆ ಇಟ್ಟು ನೋಡಿದೆ, ನೂರಕ್ಕೆ ಐದಾರು ಬರುತ್ತಿವೆ. ಇನ್ನೊಂದು ಕತೆ ಪುಸ್ತಕ ಮುಗಿಸಿ ಆಮೇಲೆ ಚಂದಾ ಕಟ್ಟುತ್ತೇನೆ.