ಬ್ರಿಟನ್: ನೋಡಲು ದುಡ್ಡು ಬೇಡ, ಮಲಗಲು ಬೇಕು

ಬ್ರಿಟನ್ ಪ್ರವಾಸ ಅಂದ ಕೂಡಲೇ ಎಷ್ಟೋ ಜನ ಪೌಂಡನ್ನು ರೂಪಾಯಿಗೆ ಗುಣಿಸಿ ಸುಮ್ಮನಾಗಿಬಿಡುತ್ತಾರೆ. ಅದರಲ್ಲೂ ಒಬ್ಬರೇ ಹೊರಟವರಿಗೆ ರೂಮ್ ಬಾಡಿಗೆ ಹಂಚಿಕೊಳ್ಳಲು ಜೊತೆಗೆ ಯಾರೂ ಇರುವುದಿಲ್ಲ. ಆದರೆ ಅಲ್ಲಿನ ಖರ್ಚಿನ ಲೆಕ್ಕವೇ ಬೇರೆ. ನೋಡಬೇಕಾದ ಜಾಗಗಳಲ್ಲಿ ಒಳ್ಳೊಳ್ಳೆಯವೆಲ್ಲ ಪುಕ್ಕಟೆ. ಜೇಬು ಖಾಲಿ ಮಾಡುವುದು ಹಾಸಿಗೆ ಮತ್ತು ರೈಲು. ಈ ಎರಡರ ದರವೂ ನೀವು ಯಾವ ದಿನ ಹೋಗುತ್ತೀರಿ, ಎಷ್ಟು ಮುಂಚೆ ಬುಕ್ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಹಾಗಾಗಿ ದೊಡ್ಡ ಉಳಿತಾಯವೆಲ್ಲ ಆಗುವುದು ಹೊರಡುವ ಮೊದಲೇ, ಮನೆಯಲ್ಲಿ ಕೂತು.

ಮೊದಲು ತಿಂಗಳು, ಆಮೇಲೆ ಊರು

ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್. ನನ್ನ ಆಯ್ಕೆ ಇವೇ. ಜೂನ್‌ನಲ್ಲಿ ಲಂಡನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಎಡಿನ್‌ಬರಾದಲ್ಲಿ ಇನ್ನೂ ಹೊತ್ತು. ಒಂದೇ ದಿನದ ಹಾಸಿಗೆ ಖರ್ಚಿಗೆ ಒಂದೂವರೆ ದಿನ ಸುತ್ತಾಡಿದಂತಾಯಿತು, ಅಲ್ವಾ? ಡಿಸೆಂಬರ್‌ನಲ್ಲಿ ವಿಮಾನದ ಟಿಕೆಟ್ ಅಗ್ಗಕ್ಕೆ ಸಿಕ್ಕರೂ ಲಂಡನ್‌ನಲ್ಲಿ ನಾಲ್ಕು ಗಂಟೆಯೊಳಗೆ ಸೂರ್ಯ ಮುಳುಗುತ್ತಾನೆ. ಕ್ರಿಸ್‌ಮಸ್ ದಿನ ರೈಲೇ ಓಡುವುದಿಲ್ಲ.

ಎಡಿನ್‌ಬರಾಕ್ಕೆ ಆಗಸ್ಟ್‌ನಲ್ಲಿ ಮಾತ್ರ ಹೋಗಬೇಡಿ. ಆ ತಿಂಗಳು ಅಲ್ಲಿ ದೊಡ್ಡ ಕಲಾ ಉತ್ಸವ. ಡಾರ್ಮ್, ಅಂದರೆ ಹಲವರು ಒಟ್ಟಿಗೆ ಮಲಗುವ ಹಾಸ್ಟೆಲ್ ಕೋಣೆಯ ಒಂದು ಹಾಸಿಗೆಗೂ ಹೋಟೆಲ್ ರೂಮಿನ ರೇಟು ಹೇಳುತ್ತಾರೆ. ಉತ್ಸವವನ್ನೇ ನೋಡಬೇಕು ಅನ್ನುವವರು ಗ್ಲಾಸ್ಗೋದಲ್ಲಿ ಉಳಿದು ರೈಲಿನಲ್ಲಿ ಹೋಗಿಬರಬಹುದು. ಬರೀ ಐವತ್ತು ನಿಮಿಷದ ದಾರಿ.

ಇನ್ನು ಊರುಗಳು. ಹತ್ತು ದಿನದಲ್ಲಿ ಎಂಟು ಊರು ಮುಗಿಸುವ ಪ್ಯಾಕೇಜ್ ಚಪಲ ಬಿಡಿ. ಊರು ಬದಲಿಸಿದಾಗಲೆಲ್ಲ ರೈಲಿನ ಖರ್ಚು, ಜೊತೆಗೆ ಅರ್ಧ ದಿನ ಹಾಳು. ಮೊದಲ ಸಲ ಹೋಗುವವರಿಗೆ ಲಂಡನ್, ಯಾರ್ಕ್, ಎಡಿನ್‌ಬರಾ, ಗ್ಲಾಸ್ಗೋ ಸಾಕು. ಮೊದಲ ಮೂರು ಒಂದೇ ರೈಲು ಮಾರ್ಗದಲ್ಲಿವೆ. ಲಂಡನ್‌ನಿಂದ ಯಾರ್ಕ್‌ಗೆ ಸುಮಾರು ಎರಡು ಗಂಟೆ, ಅಲ್ಲಿಂದ ಎಡಿನ್‌ಬರಾಕ್ಕೆ ಎರಡೂವರೆ. ವಿಮಾನವನ್ನು ಹೋಗಿಬರುವ ಟಿಕೆಟ್ ಆಗಿ ನೋಡದೆ ಮಲ್ಟಿ-ಸಿಟಿ ಎಂದು ಹುಡುಕಿ. ಲಂಡನ್‌ನಲ್ಲಿ ಇಳಿದು ಎಡಿನ್‌ಬರಾದಿಂದ ವಾಪಸ್ ಹತ್ತಿ. ದುಬೈ, ದೋಹಾ ಮೇಲೆ ಹೋಗುವ ವಿಮಾನಗಳು ಎಡಿನ್‌ಬರಾಕ್ಕೂ ಇವೆ. ಟಿಕೆಟ್ ಸ್ವಲ್ಪ ಜಾಸ್ತಿಯಾದರೂ ಮತ್ತೆ ಲಂಡನ್‌ಗೆ ಬರುವ ರೈಲು, ಅಲ್ಲಿ ಇನ್ನೊಂದು ರಾತ್ರಿಯ ಬಾಡಿಗೆ ಉಳಿಯುತ್ತದೆ.

ಒಂದು ಎಚ್ಚರಿಕೆ: ವೀಸಾ ಕೈಗೆ ಬರುವವರೆಗೆ ರದ್ದು ಮಾಡಲಾಗದ ಯಾವುದನ್ನೂ ಕೊಳ್ಳಬೇಡಿ. ಪ್ರವಾಸಕ್ಕೆ ಮೂರು ತಿಂಗಳಿರುವಾಗಲೇ ಅರ್ಜಿ ಹಾಕಬಹುದು, ಬೆಂಗಳೂರಿನಲ್ಲೇ ಅರ್ಜಿ ಕೇಂದ್ರವಿದೆ. ಹಾಕಿಬಿಡಿ.

ರೈಲು: ಗೆಲ್ಲುವುದೂ ಸೋಲುವುದೂ ಇಲ್ಲೇ

ಬ್ರಿಟನ್ನಿನ ರೈಲು ದರ ಹಬ್ಬದ ಹಿಂದಿನ ದಿನದ ನಮ್ಮ ಖಾಸಗಿ ಬಸ್ಸಿನ ದರ ಇದ್ದ ಹಾಗೆ. ಹೊತ್ತು ಹೋದಷ್ಟೂ ಏರುತ್ತದೆ. ಸ್ಟೇಷನ್ನಿಗೆ ಹೋಗಿ ಕೌಂಟರ್‌ನಲ್ಲಿ ಟಿಕೆಟ್ ಕೇಳಿದರೆ ದೂರದ ಊರಿಗೆ ನೂರು ಪೌಂಡ್ ದಾಟಿದರೂ ಆಶ್ಚರ್ಯವಿಲ್ಲ. ಅದೇ ರೈಲಿಗೆ ಮುಂಚೆಯೇ 'ಅಡ್ವಾನ್ಸ್' ಟಿಕೆಟ್ ತೆಗೆದವರು ಅದರ ಮೂರನೇ ಒಂದು ಭಾಗ ಕೊಟ್ಟು ಪಕ್ಕದಲ್ಲೇ ಕೂತಿರುತ್ತಾರೆ. ಈ ಅಗ್ಗದ ಟಿಕೆಟ್‌ಗಳು ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ವಾರ ಮುಂಚೆ ಬಿಡುಗಡೆಯಾಗುತ್ತವೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಟಿಕೆಟ್ ಕೊಳ್ಳುವಾಗ ಮಧ್ಯವರ್ತಿ ಆ್ಯಪ್‌ಗಳಿಗೆ ಬುಕಿಂಗ್ ಶುಲ್ಕ ಕೊಡುವ ಅಗತ್ಯವಿಲ್ಲ. ಎಲ್‌ಎನ್‌ಇಆರ್‌ನಂಥ ರೈಲು ಕಂಪನಿಯ ಸ್ವಂತ ಜಾಲತಾಣದಲ್ಲಿ ಶುಲ್ಕವಿಲ್ಲ. ಯಾವುದೇ ಒಂದು ಕಂಪನಿಯ ತಾಣದಲ್ಲಿ ಬೇರೆ ಕಂಪನಿಗಳ ಟಿಕೆಟ್ಟೂ ಸಿಗುತ್ತದೆ. ಲಂಡನ್–ಎಡಿನ್‌ಬರಾ ಮಾರ್ಗದಲ್ಲಿ 2021ರಿಂದ ಲುಮೊ ಎಂಬ ಕಡಿಮೆ ದರದ ರೈಲೂ ಓಡುತ್ತಿದೆ. ಎರಡನ್ನೂ ಹೋಲಿಸಿ ನೋಡಿ.

ಮೂವತ್ತು ದಾಟದವರಿಗೆ ಇನ್ನೊಂದು ಅನುಕೂಲವಿದೆ, ರೈಲ್‌ಕಾರ್ಡ್. 16–25 ಮತ್ತು 26–30 ಅಂತ ಎರಡು ಬಗೆ. ಅರವತ್ತು ದಾಟಿದವರಿಗೆ ಸೀನಿಯರ್ ಕಾರ್ಡ್. ವರ್ಷಕ್ಕೆ 35 ಪೌಂಡ್ ಕೊಟ್ಟರೆ ಹೆಚ್ಚಿನ ಟಿಕೆಟ್‌ಗಳಲ್ಲಿ ಮೂರನೇ ಒಂದು ಭಾಗ ಕಡಿತ. ಪ್ರವಾಸಿಗರೂ ಕೊಳ್ಳಬಹುದು. ಮೇಲಿನ ಮಾರ್ಗದಲ್ಲಿ ತಡವಾಗಿ ಬುಕ್ ಮಾಡುವವರಿಗೆ ಒಂದೇ ಪ್ರವಾಸದಲ್ಲಿ ಕಾರ್ಡಿನ ದುಡ್ಡು ಹುಟ್ಟಿಬಿಡುತ್ತದೆ. ಟಿಕೆಟ್‌ಗಳನ್ನು ಮುಂಚೆಯೇ ತೀರಾ ಅಗ್ಗಕ್ಕೆ ತೆಗೆದವರು ಮೊದಲು ಲೆಕ್ಕ ಹಾಕಿ ನೋಡಲಿ.

ಅಡ್ವಾನ್ಸ್ ಟಿಕೆಟ್‌ನ ನಿಯಮ ಕಟ್ಟುನಿಟ್ಟು. ಅದರಲ್ಲಿ ಬರೆದ ರೈಲು ತಪ್ಪಿತೋ, ಟಿಕೆಟ್ ಸತ್ತ ಹಾಗೆ. ದಾರಿಯಲ್ಲಿ ಇಳಿದು ಊರು ನೋಡಿ ಮತ್ತೆ ಹತ್ತುವಂತಿಲ್ಲ. ಹಾಗೆ ಇಳಿಯುವ ಆಸೆಯಿದ್ದರೆ ಜನಸಂದಣಿ ಇಲ್ಲದ ಹೊತ್ತಿನ 'ಆಫ್-ಪೀಕ್' ಟಿಕೆಟ್ ನೋಡಿ, ಅದರಲ್ಲಿ ಸಾಮಾನ್ಯವಾಗಿ ಅವಕಾಶವಿದೆ. ರೈಲೇ ತಡವಾಗಿ ಬಂದರೆ ಮಾತ್ರ ಸುಮ್ನೆ ಬಿಡಬೇಡಿ. ಕಂಪನಿಯನ್ನು ನೋಡಿಕೊಂಡು 15 ಅಥವಾ 30 ನಿಮಿಷ ಮೀರಿದರೆ 'ಡಿಲೇ ರೀಪೇ' ಹೆಸರಿನಲ್ಲಿ ಪರಿಹಾರ ಕೇಳಬಹುದು. ಟಿಕೆಟ್‌ನ ಫೋಟೊ ಇಟ್ಟುಕೊಂಡಿರಿ.

ಸೀಟು ಆರಿಸುವಾಗ ಉತ್ತರಕ್ಕೆ ಹೋಗುವ ದಿಕ್ಕಿನಲ್ಲಿ ಬಲಗಡೆ ಕಿಟಕಿ ಕೇಳಿ. ಡರಮ್ ಬಂದಾಗ ಬೆಟ್ಟದ ಮೇಲಿನ ಕ್ಯಾಥೆಡ್ರಲ್ ಪೂರ್ತಿ ಕಾಣುತ್ತದೆ. ಬೆರಿಕ್ ಹತ್ತಿರ ರೈಲು 1850ರ ಕಲ್ಲಿನ ಸೇತುವೆ ಮೇಲೆ ನದಿ ದಾಟುತ್ತದೆ. ಅಲ್ಲಿಂದ ಮುಂದೆ ಹಳಿಯ ಪಕ್ಕದಲ್ಲೇ ಸಮುದ್ರ.

ಎಡಿನ್‌ಬರಾ–ಗ್ಲಾಸ್ಗೋ ನಡುವೆ ಮುಂಚೆ ಬುಕ್ ಮಾಡುವ ತಲೆನೋವು ಬೇಡ. ರೈಲು ಮೇಲಿಂದ ಮೇಲೆ ಇದೆ. ಅಲ್ಲಿನ ರೈಲು ಕಂಪನಿ ಸ್ಕಾಟ್‌ರೈಲ್ 2025ರ ಸೆಪ್ಟೆಂಬರ್‌ನಿಂದ ಜನಸಂದಣಿ ಹೊತ್ತಿನ ಪೀಕ್ ದರವನ್ನೇ ತೆಗೆದುಹಾಕಿದೆ. ಇನ್ನೂ ಕಡಿಮೆಗೆ ಹೋಗಬೇಕಾದರೆ ಕೋಚ್, ಅಂದರೆ ದೂರದ ಬಸ್. ಲಂಡನ್‌ನ ವಿಕ್ಟೋರಿಯಾ ಕೋಚ್ ಸ್ಟೇಷನ್‌ನಿಂದ ರಾತ್ರಿ ಬಸ್ ಹಿಡಿದರೆ ಬೆಳಿಗ್ಗೆ ಸ್ಕಾಟ್ಲೆಂಡ್. ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಬೆನ್ನಿಗೆ ಸ್ವಲ್ಪ ಕಷ್ಟ. ಸ್ಲೀಪರ್ ಬಸ್ ಅಂದುಕೊಳ್ಳಬೇಡಿ, ಕೂತೇ ಹೋಗಬೇಕು.

ಹಾಸಿಗೆ ಹುಡುಕುವ ಲೆಕ್ಕ

ಹಾಸ್ಟೆಲ್ ದರ ಶುಕ್ರವಾರ, ಶನಿವಾರ ಜಿಗಿಯುತ್ತದೆ. ಭಾನುವಾರ ರಾತ್ರಿ ಇಳಿಯುತ್ತದೆ. ಹಾಗಾಗಿ ಲಂಡನ್‌ಗೆ ಭಾನುವಾರ ಬಂದು ಗುರುವಾರದವರೆಗೆ ಇರುವಂತೆ ಪ್ಲಾನ್ ಮಾಡಿ. ಯಾರ್ಕ್‌ನಲ್ಲಿ ಶನಿವಾರ ಬೇಡವೇ ಬೇಡ. ಮದುವೆಗೆ ಮುಂಚಿನ ಪಾರ್ಟಿ ಮಾಡುವ ಗುಂಪುಗಳು ಊರು ತುಂಬಿರುತ್ತವೆ.

ಬುಕ್ ಮಾಡುವಾಗ ಊರ ನಡುವೆ ಇದೆಯೇ ಎಂದು ನೋಡುವುದಕ್ಕಿಂತ ಅಡುಗೆಮನೆ ಇದೆಯೇ ಎಂದು ಮೊದಲು ನೋಡಿ. ಹಾಸ್ಟೆಲ್ ಅಡುಗೆಮನೆಯಲ್ಲಿ 'ಫ್ರೀ ಫುಡ್' ಅಂತ ಚೀಟಿ ಅಂಟಿಸಿದ ಒಂದು ಶೆಲ್ಫ್ ಇರುತ್ತದೆ. ಊರು ಬಿಟ್ಟು ಹೋಗುವವರು ಉಳಿದದ್ದನ್ನು ಅಲ್ಲಿ ಇಟ್ಟು ಹೋಗುತ್ತಾರೆ. ಅರ್ಧ ಪೊಟ್ಟಣ ಅಕ್ಕಿ, ಮುಕ್ಕಾಲು ಬಾಟಲಿ ಎಣ್ಣೆ, ಪಾಸ್ತಾ, ಉಪ್ಪು. ಊರಿಂದ ಸಾರಿನ ಪುಡಿ ತಂದವರಿಗೆ ಅಲ್ಲೇ ಊಟ ತಯಾರು.

ಸ್ವಂತ ಬೀಗ ಒಯ್ಯಿರಿ. ಲಾಕರ್ ಕೊಡುತ್ತಾರೆ, ಬೀಗಕ್ಕೆ ಬೇರೆ ದುಡ್ಡು. ಟವೆಲ್ಲಿಗೂ ಹಾಗೆಯೇ. ಮಹಿಳೆಯರಿಗೆ ಮಾತ್ರ ಎಂಬ ಡಾರ್ಮ್ ಬಹುತೇಕ ದೊಡ್ಡ ಹಾಸ್ಟೆಲ್‌ಗಳಲ್ಲಿದೆ. ಡಾರ್ಮ್ ಒಗ್ಗದವರು ಜುಲೈ, ಆಗಸ್ಟ್‌ನಲ್ಲಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ನಿಲಯ ನೋಡಿ. ರಜೆಯಲ್ಲಿ ಖಾಲಿ ಬಿದ್ದ ಸಿಂಗಲ್ ರೂಮ್‌ಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಒಬ್ಬರಿಗೆಂದೇ ಕಟ್ಟಿದ ರೂಮ್, ಒಬ್ಬರ ದರ. ಇಬ್ಬರ ರೂಮಿಗೆ ಒಬ್ಬರೇ ದುಡ್ಡು ತೆರುವ ಸಂಕಟ ಇಲ್ಲ. ಅಂದಹಾಗೆ, ಎಡಿನ್‌ಬರಾದಲ್ಲಿ 2026ರ ಜುಲೈ 24ರಿಂದ ವಸತಿ ದರದ ಮೇಲೆ ಶೇ 5ರಷ್ಟು ಪ್ರವಾಸಿ ತೆರಿಗೆ ಇದೆ. ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಊರೊಳಗೆ ಓಡಾಟ

ಹೊರಡುವ ಮೊದಲು ಬ್ಯಾಂಕ್ ಆ್ಯಪ್ ತೆರೆದು ಕಾರ್ಡಿನ ವಿದೇಶಿ ಬಳಕೆ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿ. ನಮ್ಮ ಬ್ಯಾಂಕುಗಳು ಅವನ್ನು ಆಫ್ ಮಾಡಿಯೇ ಕೊಟ್ಟಿರುತ್ತವೆ. ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಮೆಟ್ರೊ ನಿಲ್ದಾಣದ ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದೇ ಕಾರ್ಡ್ ಮುಟ್ಟಿಸಿ. ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ಅಂತ ಬದಲಿಸಿದರೆ ಯಂತ್ರ ನಿಮ್ಮನ್ನು ಇಬ್ಬರು ಅಂದುಕೊಳ್ಳುತ್ತದೆ. ಒಂದೇ ಕಾರ್ಡ್ ಬಳಸಿದರೆ ದಿನದ ಮಿತಿ ಮುಟ್ಟಿದ ಮೇಲೆ ಎಷ್ಟು ಸುತ್ತಿದರೂ ದುಡ್ಡು ಕಡಿತವಾಗುವುದಿಲ್ಲ. ಅಂಗಡಿಯ ಯಂತ್ರ 'ರೂಪಾಯಿಯಲ್ಲಿ ಕೊಡುತ್ತೀರಾ' ಎಂದು ಕೇಳಿದರೆ ಬೇಡ ಅನ್ನಿ. ಪೌಂಡ್‌ನಲ್ಲೇ ಕೊಡಿ, ಅವರ ವಿನಿಮಯ ದರ ದುಬಾರಿ.

ಹೀಥ್ರೂ ವಿಮಾನ ನಿಲ್ದಾಣದಿಂದ ಪಿಕಡಿಲಿ ಮಾರ್ಗದ ಮೆಟ್ರೊ ಹಿಡಿಯಿರಿ. ಎಕ್ಸ್‌ಪ್ರೆಸ್ ರೈಲು ಕಾಲು ಗಂಟೆಯಲ್ಲಿ ತಲುಪಿಸುತ್ತದೆ ನಿಜ, ಆದರೆ ಅಷ್ಟು ಅವಸರ ಯಾರಿಗಿದೆ? ಊರೊಳಗೆ ಬಸ್ಸೇ ಅಗ್ಗ. ಮೊದಲ ಬಸ್ ಹತ್ತಿದ ಒಂದು ಗಂಟೆಯೊಳಗೆ ಬೇರೆ ಬಸ್ಸುಗಳನ್ನು ಮತ್ತೆ ದುಡ್ಡು ಕೊಡದೆ ಹತ್ತಬಹುದು. 24ನೇ ನಂಬರಿನ ಬಸ್ಸಿನ ಮಹಡಿಯಲ್ಲಿ ಮುಂದಿನ ಸೀಟು ಹಿಡಿದರೆ ಕ್ಯಾಮ್ಡನ್, ಟ್ರಫಾಲ್ಗರ್ ಚೌಕ, ಸಂಸತ್ ಭವನ ಎಲ್ಲವೂ ಕಣ್ಣೆದುರು ಹಾದುಹೋಗುತ್ತವೆ. ಇದೇ ದಾರಿಗೆ ಪ್ರವಾಸಿ ಬಸ್ಸುಗಳು ಕೇಳುವ ದುಡ್ಡು ನೋಡಿದರೆ ನಗು ಬರುತ್ತದೆ.

ಲಂಡನ್ ಬಿಟ್ಟು ಇಂಗ್ಲೆಂಡ್‌ನ ಉಳಿದೆಡೆ ಹೆಚ್ಚಿನ ಬಸ್ಸುಗಳಲ್ಲಿ 2025ರ ಜನವರಿಯಿಂದ ಒಂದು ಸಲದ ಪ್ರಯಾಣಕ್ಕೆ ಗರಿಷ್ಠ 3 ಪೌಂಡ್ ಎಂಬ ನಿಯಮವಿದೆ. ಯಾರ್ಕ್‌ನಲ್ಲಿ ಒಂದು ದಿನ ಜಾಸ್ತಿ ಇದ್ದರೆ ಕೋಸ್ಟ್‌ಲೈನರ್ 840 ಬಸ್ ಹತ್ತಿ. ಬಯಲು, ಗುಡ್ಡ ದಾಟಿ ವಿಟ್ಬಿ ಎಂಬ ಮೀನುಗಾರರ ಊರಿಗೆ ಕರೆದೊಯ್ಯುತ್ತದೆ. 199 ಮೆಟ್ಟಿಲು ಹತ್ತಿದರೆ ಪಾಳುಬಿದ್ದ ಮಠ, ಕೆಳಗೆ ಬಂದರು.

ಪುಕ್ಕಟೆ ನೋಡಿ, ನಿಧಾನವಾಗಿ ನೋಡಿ

ಇಂಗ್ಲೆಂಡ್‌ನ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಸಂಗ್ರಹಕ್ಕೆ 2001ರ ಡಿಸೆಂಬರ್‌ನಿಂದ ಪ್ರವೇಶ ಶುಲ್ಕವಿಲ್ಲ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ಟೇಟ್ ಮಾಡರ್ನ್ ಎಲ್ಲ ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಒಂದೇ ದಿನ ನಾಲ್ಕು ಮುಗಿಸುವ ಹಟ ಯಾಕೆ? ಒಂದು ಗಂಟೆ ನೋಡಿ ಹೊರಬಂದು ನಾಳೆ ಮತ್ತೆ ಹೋಗಿ.

ನಮ್ಮವರು ತಪ್ಪಿಸಬಾರದ್ದು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ. ಶುಕ್ರವಾರ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ. ಟಿಪ್ಪುವಿನ ಹುಲಿ ಇರುವುದು ಇದೇ ಮ್ಯೂಸಿಯಂನಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಹೊತ್ತೊಯ್ದದ್ದು. ಮರದ ಹುಲಿ ಯುರೋಪಿನ ಸೈನಿಕನ ಮೇಲೆ ಬಿದ್ದು ಕುತ್ತಿಗೆಗೆ ಬಾಯಿ ಹಾಕಿದೆ. ಅದರ ಹೊಟ್ಟೆಯಲ್ಲಿ ಆರ್ಗನ್ ವಾದ್ಯ. ಹಿಡಿಕೆ ತಿರುಗಿಸಿದರೆ ಹುಲಿ ಗುರುಗುಟ್ಟಿ, ಸೈನಿಕ ನರಳುವಂತೆ ಮಾಡಿದ್ದಾರೆ. ಈಗ ಯಾರಿಗೂ ತಿರುಗಿಸಲು ಬಿಡುವುದಿಲ್ಲ. ಹೋಗುವ ಮುನ್ನ ಸದ್ಯ ಅದನ್ನು ಎಲ್ಲಿ ಇಟ್ಟಿದ್ದಾರೆ ಎಂದು ಮ್ಯೂಸಿಯಂನ ಜಾಲತಾಣದಲ್ಲಿ ನೋಡಿಕೊಳ್ಳಿ.

ಇನ್ನೊಂದು ದಿನ ಸಂಸತ್ ಭವನದೆದುರು ಸೇತುವೆ ದಾಟಿ ಥೇಮ್ಸ್‌ನ ಆಚೆ ದಡದಲ್ಲಿ ಬಲಕ್ಕೆ ನಡೆಯಿರಿ. ಕೋವಿಡ್‌ನಲ್ಲಿ ಸತ್ತವರ ನೆನಪಿಗೆ ಕೆಂಪು ಹೃದಯಗಳನ್ನು ಬರೆದ ಉದ್ದ ಗೋಡೆ ಸಿಗುತ್ತದೆ. ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು.

ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ಗೆ ಟಿಕೆಟ್ ದುಬಾರಿ. ಆದರೆ ಸಂಜೆಯ ಹಾಡಿನ ಪ್ರಾರ್ಥನೆಗೆ, ಅಂದರೆ ಈವನ್‌ಸಾಂಗ್‌ಗೆ, ಯಾರು ಬೇಕಾದರೂ ಸುಮ್ನೆ ಬರಬಹುದು. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಐದು ಗಂಟೆಗೆ. ಇಪ್ಪತ್ತು ನಿಮಿಷ ಮುಂಚೆ ಹೋಗಿ, ಬಾಗಿಲಲ್ಲಿ ನಿಂತವರಿಗೆ ಈವನ್‌ಸಾಂಗ್‌ಗೆ ಬಂದೆ ಅನ್ನಿ. ಫೋನ್ ಒಳಗಿಡಿ. ಮಕ್ಕಳೂ ದೊಡ್ಡವರೂ ಸೇರಿ ಹಾಡುವಾಗ ಧ್ವನಿ ಗುಮ್ಮಟಕ್ಕೆ ಏರಿ, ಹಾಡು ನಿಂತ ಮೇಲೂ ಕೆಲವು ಕ್ಷಣ ಮೇಲೆಯೇ ಸುತ್ತುತ್ತಿರುತ್ತದೆ. ಟಿಕೆಟ್ ಕೊಟ್ಟು ಹಗಲು ಬಂದವರಿಗೆ ಇದು ಸಿಗುವುದಿಲ್ಲ. ಯಾರ್ಕ್‌ನ ಕ್ಯಾಥೆಡ್ರಲ್ ಯಾರ್ಕ್ ಮಿನ್‌ಸ್ಟರ್‌ನಲ್ಲೂ ಹೀಗೇ.

ಯಾರ್ಕ್‌ನ ಕೋಟೆ ಗೋಡೆಯ ಮೇಲೆ ಊರು ಸುತ್ತ ಮೂರೂ ಚಿಲ್ಲರೆ ಕಿಲೋಮೀಟರ್ ನಡೆಯಲು ದುಡ್ಡಿಲ್ಲ. ರೈಲ್ವೆ ಮ್ಯೂಸಿಯಂಗೂ ಇಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಬರೆದ ಮಲಾರ್ಡ್ ಎಂಜಿನ್ ಅಲ್ಲಿಯದು. 1951ರಿಂದ ನಡೆದುಬಂದ ಸ್ವಯಂಸೇವಕ ಗೈಡ್‌ಗಳ ಸಂಘ ಊರು ತೋರಿಸುತ್ತದೆ. ಅವರು ಟಿಪ್ಸ್ ಕೂಡ ಮುಟ್ಟುವುದಿಲ್ಲ. 'ಫ್ರೀ ವಾಕಿಂಗ್ ಟೂರ್' ಎಂದು ಕರೆಯುವ ಉಳಿದವರು ಕೊನೆಗೆ ಟಿಪ್ಸ್ ನಿರೀಕ್ಷಿಸುತ್ತಾರೆ, ನೆನಪಿರಲಿ.

ಎಡಿನ್‌ಬರಾ ಕೋಟೆಗೆ ದುಡ್ಡು ಸುರಿಯುವ ಬದಲು 251 ಮೀಟರ್‌ನ ಆರ್ಥರ್ಸ್ ಸೀಟ್ ಗುಡ್ಡ ಹತ್ತಿ. ಕೋಟೆಯೂ ಸಮುದ್ರವೂ ಒಟ್ಟಿಗೆ ಕಾಣುತ್ತವೆ. ಗ್ಲಾಸ್ಗೋದಲ್ಲಿ ಕೆಲ್ವಿನ್‌ಗ್ರೋವ್ ಗ್ಯಾಲರಿಗೆ ಮಧ್ಯಾಹ್ನ ಒಂದು ಗಂಟೆಗೆ ಹೋದರೆ ದೊಡ್ಡ ಪೈಪ್ ಆರ್ಗನ್ ನುಡಿಸುತ್ತಾರೆ. ಭಾನುವಾರ ಮೂರಕ್ಕೆ. ಜೇಬಿನ ದೃಷ್ಟಿಯಿಂದ ಹೇಳುವುದಾದರೆ ನನ್ನ ಮತ ಗ್ಲಾಸ್ಗೋಗೇ.

ಊಟ, ನೀರು, ಶೌಚಾಲಯ

ಮಧ್ಯಾಹ್ನಕ್ಕೆ ಸೂಪರ್ ಮಾರ್ಕೆಟ್‌ನ 'ಮೀಲ್ ಡೀಲ್'. ಸ್ಯಾಂಡ್‌ವಿಚ್, ಕುರುಕಲು, ಪಾನೀಯ ಸೇರಿ ಸುಮಾರು 4 ಪೌಂಡ್. ಸಂಜೆ ಅದೇ ಅಂಗಡಿಗೆ ಹೋದರೆ ಸಿಬ್ಬಂದಿಯೊಬ್ಬರು ಆ ದಿನ ಅವಧಿ ಮುಗಿಯುವ ಆಹಾರಕ್ಕೆ ದರ ಇಳಿಸಿದ ಹಳದಿ ಚೀಟಿ ಅಂಟಿಸುತ್ತ ಬರುತ್ತಿರುತ್ತಾರೆ. ಅವರ ಹಿಂದೆಯೇ ನಾಲ್ಕೈದು ಜನ ಏನೂ ಗೊತ್ತಿಲ್ಲದವರ ಹಾಗೆ ಸುಳಿದಾಡುತ್ತಿರುತ್ತಾರೆ. ನೀವೂ ಸುಳಿದಾಡಿ, ನಾಚಿಕೆ ಬೇಡ.

ಸಸ್ಯಾಹಾರಿಗಳಿಗೆ ಒಂದು ಮಾತು. ಯಾರ್ಕ್ ಕಡೆಯ ಎಷ್ಟೋ ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನೂ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಅದು ಅಲ್ಲಿನ ಹಳೆಯ ಪದ್ಧತಿ. ಯಾವ ಎಣ್ಣೆ ಎಂದು ಕೇಳಿಯೇ ತಿನ್ನಿ. ದೋಸೆ ನೆನಪಾದರೆ ಲಂಡನ್‌ನಲ್ಲಿ ಈಸ್ಟ್ ಹ್ಯಾಮ್ ಅಥವಾ ಟೂಟಿಂಗ್‌ಗೆ ಹೋಗಿ. ದೊಡ್ಡ ಊರುಗಳ ಗುರುದ್ವಾರಗಳಲ್ಲಿ ಲಂಗರ್, ಅಂದರೆ ಪುಕ್ಕಟೆ ಸಾಮೂಹಿಕ ಊಟ, ಎಲ್ಲರಿಗೂ ಉಂಟು. ತಲೆಗೆ ಬಟ್ಟೆ ಕಟ್ಟಿಕೊಳ್ಳಿ, ಆಮೇಲೆ ಪಾತ್ರೆ ತೊಳೆಯಲು ಕೈ ಜೋಡಿಸಿ.

ಬಾಟಲಿ ನೀರು ಕೊಳ್ಳಬೇಡಿ, ನಲ್ಲಿ ನೀರು ಕುಡಿಯಬಹುದು. ದೊಡ್ಡ ರೈಲು ನಿಲ್ದಾಣಗಳ ಶೌಚಾಲಯ 2019ರಿಂದ ಉಚಿತ.

ಒಬ್ಬರೇ ಇದ್ದಾಗ

ಲಂಡನ್‌ನಲ್ಲಿ ಈಗಿನ ದೊಡ್ಡ ಕಾಟ ಫೋನ್ ಕಸಿಯುವವರದು. ಎಲೆಕ್ಟ್ರಿಕ್ ಸೈಕಲ್‌ನಲ್ಲಿ ಬಂದು ಕೈಯಿಂದ ಕಿತ್ತುಕೊಂಡು ಹೋಗುತ್ತಾರೆ. ಮ್ಯಾಪ್ ನೋಡಬೇಕಾದರೆ ರಸ್ತೆಯಂಚಿನಿಂದ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನೋಡಿ. ಪಾಸ್‌ಪೋರ್ಟ್, ವೀಸಾ, ಟಿಕೆಟ್‌ಗಳ ಪ್ರತಿಯನ್ನು ಮನೆಯವರಿಗೂ ಕಳಿಸಿಡಿ.

ತುರ್ತಿಗೆ 999. ಆರೋಗ್ಯದ ಸಲಹೆಗೆ 111. ರೈಲಿನಲ್ಲಿ ಯಾರಾದರೂ ತೊಂದರೆ ಕೊಟ್ಟರೆ 61016ಕ್ಕೆ ಮೆಸೇಜ್ ಮಾಡಿದರೆ ರೈಲ್ವೆ ಪೊಲೀಸರಿಗೆ ಹೋಗುತ್ತದೆ, ಮಾತಾಡುವುದೇ ಬೇಡ. ಪಬ್‌ನಲ್ಲಿ ಯಾರಾದರೂ ಬೆನ್ನು ಬಿದ್ದು ಕಾಡಿದರೆ ಕೌಂಟರ್‌ಗೆ ಹೋಗಿ 'ಏಂಜಲಾ ಇದ್ದಾರಾ' ಎಂದು ಕೇಳಿ. ಈ ಯೋಜನೆಗೆ ಸೇರಿದ ಪಬ್‌ಗಳ ಸಿಬ್ಬಂದಿಗೆ ಅದರ ಅರ್ಥ ಗೊತ್ತು. ಗದ್ದಲವಿಲ್ಲದೆ ನಿಮ್ಮನ್ನು ಪಕ್ಕಕ್ಕೆ ಕರೆದು ಟ್ಯಾಕ್ಸಿ ಹತ್ತಿಸುತ್ತಾರೆ.

ಒಂಟಿಯಾಗಿರುವುದರಿಂದ ಲಾಭವೂ ಇದೆ. ಲಂಡನ್ ನಾಟಕಗಳಿಗೆ ಕೊನೆ ಗಳಿಗೆಯಲ್ಲಿ ಉಳಿಯುವುದು ಒಂಟಿ ಸೀಟುಗಳು, ಜೋಡಿ ಬಂದವರಿಗೆ ಅವು ಬೇಡ. ಬೆಳಿಗ್ಗೆ ರಂಗಮಂದಿರದ ಕೌಂಟರ್‌ನಲ್ಲಿ ಅಥವಾ ಆ್ಯಪ್‌ನಲ್ಲಿ 'ರಶ್' ಟಿಕೆಟ್ ನೋಡಿ. ನೂರು ಪೌಂಡ್‌ನ ಸಾಲಿನಲ್ಲಿ ಕಾಲು ಭಾಗ ಕೊಟ್ಟು ಕೂರುವ ಅದೃಷ್ಟ ಒಬ್ಬರೇ ಹೋದವರಿಗೇ ಜಾಸ್ತಿ.